ಸೋತ ಬೇಡಿಕೆ, ಗೆದ್ದ ಪಕ್ಷ: ಗೋವಾದ ‘ಮಗೋ’ ಕಥೆ

ದುಡಿಯಲು ಗೋವಾಕ್ಕೆ ಬಂದ ನಮ್ಮ ಕಡೆಯ ಜನ ಇಲ್ಲಿಯ ರಾಜಕಾರಣವೆಂದರೆ ಶಾಸಕರು ಪಕ್ಷ ಬದಲಿಸುವ ಆಟ ಎಂದು ನಗುತ್ತಾರೆ. ಆ ಆಟದಲ್ಲಿ ಬಹಳ ಕಳೆದುಕೊಂಡದ್ದು ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ. ಜನ ಚಿಕ್ಕದಾಗಿ ‘ಮಗೋ’ ಎನ್ನುತ್ತಾರೆ, ಗುರುತು ಸಿಂಹ. ಒಂದು ಕಾಲಕ್ಕೆ ಗೋವಾ ಆಳಿದ ಈ ಪಕ್ಷ 2022ರಲ್ಲಿ 40 ಸ್ಥಾನಗಳ ಪೈಕಿ ಗೆದ್ದದ್ದು 2 ಮಾತ್ರ. ‘ಮಹಾರಾಷ್ಟ್ರವಾದಿ’ ಎಂಬ ಹೆಸರು ಕೇಳಿದರೆ ಗಡಿನಾಡ ಕನ್ನಡಿಗರಿಗೆ ಕಿವಿ ನೆಟ್ಟಗಾಗುವುದು ಸಹಜ. ಆದರೂ ಶಾಲೆಯವರಾದ ನಾವು ಈ ಕಥೆ ತಿಳಿಯಬೇಕು. ಯಾಕೆಂದರೆ ಇದು ಬೇರು ಬಿಟ್ಟದ್ದು ಹಳ್ಳಿ ಶಾಲೆಗಳಲ್ಲಿ.

ಗೋವಾ ವಿಮೋಚನೆ ಆದದ್ದು 1961ರ ಡಿಸೆಂಬರ್ 19ರಂದು. ಮೊದಲ ಚುನಾವಣೆ 1963ರಲ್ಲಿ. ಆಗ ಮಗೋ ಅತಿ ದೊಡ್ಡ ಪಕ್ಷವಾಗಿ, ದಯಾನಂದ ಬಾಂದೋಡಕರರು ಮುಖ್ಯಮಂತ್ರಿಯಾದರು. ಗಣಿ ಮಾಲೀಕರು, ಆದರೆ ಮೇಲ್ಜಾತಿಯವರಲ್ಲ. ಆ ಚುನಾವಣೆಗೆ ಅವರು ಸ್ವತಃ ನಿಂತೇ ಇರಲಿಲ್ಲ! ಗೇಣಿದಾರರು, ಹಿಂದುಳಿದವರು, ಕೂಲಿಕಾರರು ಅವರ ಹಿಂದೆ ನಿಂತರು. ಪೋರ್ಚುಗೀಸರ ಕಾಲದಲ್ಲಿ ಶಾಲೆ ಕಾಣದ ಹಳ್ಳಿಗಳಲ್ಲಿ ಸರಕಾರಿ ಮರಾಠಿ ಶಾಲೆಗಳು ತೆರೆದವು. 1964ರಲ್ಲಿ ಗೇಣಿ ಕಾಯ್ದೆ ಬಂತು.

ಪಕ್ಷದ ಮುಖ್ಯ ಬೇಡಿಕೆ ಮಾತ್ರ ಬೇರೆ: ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕು. ಡಾ. ಜ್ಯಾಕ್ ಸಿಕ್ವೇರಾ ಅವರ ಯುನೈಟೆಡ್ ಗೋವನ್ಸ್ ಪಕ್ಷ ಇದಕ್ಕೆ ಅಡ್ಡ ನಿಂತಿತು. ಕೊನೆಗೆ 1967ರ ಜನವರಿ 16ರಂದು ಜನಮತ ಸಂಗ್ರಹ ನಡೆಯಿತು. ವಿಲೀನಕ್ಕೆ ಹೂವಿನ ಗುರುತು, ಪ್ರತ್ಯೇಕ ಉಳಿಯಲು ಎರಡು ಎಲೆ. (ಮೈಸೂರು ರಾಜ್ಯಕ್ಕೆ ಸೇರುವ ಪ್ರಶ್ನೆ ಮತಪತ್ರದಲ್ಲಿ ಇರಲೇ ಇಲ್ಲ.) ಎಲೆಗೆ 1,72,191 ಮತ, ಹೂವಿಗೆ 1,38,170. ವಿಲೀನ ಸೋತಿತು.

ಈಗ ವಿಚಿತ್ರ ನೋಡಿ. ಅದೇ ವರ್ಷ ಕೆಲವೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ನಡೆದಾಗ 30ರಲ್ಲಿ 16 ಸ್ಥಾನ ಮಗೋಗೆ! ಬೇಡಿಕೆ ಬೇಡವೆಂದ ನಾಡು ಪಕ್ಷವನ್ನು ಬೇಕೆಂದಿತು. ನನ್ನ ತಿಳಿವಳಿಕೆಯಂತೆ ಜನ ಮತ ಹಾಕಿದ್ದು ನಕ್ಷೆಗಲ್ಲ, ಶಾಲೆಗೆ, ಉಳುವ ಹೊಲಕ್ಕೆ, ತಮ್ಮನ್ನು ಹೆಸರು ಹಿಡಿದು ಕರೆಯುವ ಭಾವೂಸಾಹೇಬರಿಗೆ. 1972ರಲ್ಲಿ 18 ಸ್ಥಾನ ಬಂದವು.

1973ರ ಆಗಸ್ಟ್‌ನಲ್ಲಿ ಬಾಂದೋಡಕರರು ತೀರಿಕೊಂಡರು. ಮಗಳು ಶಶಿಕಲಾ ಕಾಕೋಡಕರ ಮುಖ್ಯಮಂತ್ರಿಯಾದರು. ಕೆಲಸ ಮಾಡಲಿಲ್ಲ ಎನ್ನುವಂತಿಲ್ಲ. ನಮ್ಮ ದೇವರಾಜ ಅರಸರ ಕಾಯ್ದೆಯಂತೆ ಇಲ್ಲಿಯೂ 1976ರಲ್ಲಿ ಉಳುವವನನ್ನೇ ಒಡೆಯನನ್ನಾಗಿಸುವ ತಿದ್ದುಪಡಿ ತಂದವರು ಅವರೇ. ಆದರೆ ತಂದೆಯ ಮಾತಿಗೆ ತಲೆಬಾಗಿದವರೆಲ್ಲ ಮಗಳ ಮಾತಿಗೆ ಬಾಗಲಿಲ್ಲ. ಬಸ್ಸಿನ ಅರ್ಧ ಟಿಕೇಟಿಗಾಗಿ ವಿದ್ಯಾರ್ಥಿಗಳು ಬೀದಿಗಿಳಿದರು. ಶಾಲೆ ಕಟ್ಟಿದ ಪಕ್ಷದ ಮೇಲೆ ಶಾಲೆ ಕಲಿತ ಹುಡುಗರೇ ಸಿಟ್ಟಾದರು. 1979ರಲ್ಲಿ ಸ್ವಂತ ಶಾಸಕರೇ ಕೈಕೊಟ್ಟು ಸರಕಾರ ಬಿತ್ತು. 1980ರಲ್ಲಿ ಉಳಿದದ್ದು 7. ಮುಂದೆ ಶಶಿಕಲಾ ಕಾಂಗ್ರೆಸ್ಸಿಗೆ ಹೋದರು, ತಂದೆಯ ಹೆಸರಿನಲ್ಲಿ ಬೇರೆ ಪಕ್ಷ ಕಟ್ಟಿದರು, ಮತ್ತೆ ಮರಳಿದರು.

ರಮಾಕಾಂತ ಖಲಪರ ಕಾಲದಲ್ಲಿ, 1989ರಲ್ಲಿ, ಪಕ್ಷ 18ಕ್ಕೆ ಏರಿತು. ಅಷ್ಟರೊಳಗೆ 1987ರಲ್ಲಿ ಕೊಂಕಣಿ ರಾಜಭಾಷೆಯಾಗಿ, ಗೋವಾ ಪ್ರತ್ಯೇಕ ರಾಜ್ಯವಾಗಿತ್ತು. ವಿಲೀನದ ಮಾತು ಮುಗಿದಿತ್ತು. ಆದರೂ 18 ಬಂದವೆಂದರೆ ಬೇರು ಒಣಗಿರಲಿಲ್ಲ. ಹಾಳು ಮಾಡಿದ್ದು ಒಳಜಗಳ. 1991ರ ಜನವರಿಯಲ್ಲಿ ರವಿ ನಾಯ್ಕರು ಪಕ್ಷ ಒಡೆದು ಹೊರಬಂದು ಮುಖ್ಯಮಂತ್ರಿಯಾದರು. 1994ರಲ್ಲಿ ಬಿಜೆಪಿ ಜೊತೆ ಮೈತ್ರಿ: ಮಗೋ 12, ಬಿಜೆಪಿ 4. ಐದೇ ವರ್ಷದಲ್ಲಿ, 1999ರಲ್ಲಿ, ಬಿಜೆಪಿ 10, ಮಗೋ 4! ಅತಿಥಿಗೆ ಜಗುಲಿ ಕೊಟ್ಟವನು ಅಂಗಳಕ್ಕೆ ಬಂದ ಕಥೆ.

ಆಮೇಲೆ ಪಕ್ಷ ಸುದಿನ ಮತ್ತು ದೀಪಕ ಧವಳೀಕರ ಸಹೋದರರ ಕೈಗೆ ಬಂತು. 2019ರ ಮಾರ್ಚಿನಲ್ಲಿ ಮೂವರು ಶಾಸಕರಲ್ಲಿ ಇಬ್ಬರು ಬಿಜೆಪಿಗೆ ಹೋದರು. ಮೂರರಲ್ಲಿ ಎರಡು, ಕಾನೂನಿಗೆ ಅಷ್ಟು ಸಾಕು. ಉಪಮುಖ್ಯಮಂತ್ರಿಯಾಗಿದ್ದ ಸುದಿನರ ಕುರ್ಚಿಯೂ ಹೋಯಿತು. 2022ರಲ್ಲಿ ತೃಣಮೂಲ ಜೊತೆ ಸೇರಿ ಮತ ಕೇಳಿದರು, ಫಲಿತಾಂಶ ಬಂದ ಮೇಲೆ ಬಿಜೆಪಿಗೆ ಬೆಂಬಲ ಕೊಟ್ಟು ಸುದಿನ ಮಂತ್ರಿಯಾದರು. ಆಡಳಿತದಲ್ಲಿದ್ದರೆ ಕೆಲಸ ಆಗುತ್ತದೆ ಎಂಬ ವಾದ ಇರಬಹುದು. ಆದರೆ ಮತ ಕೊಟ್ಟವನು ಮುಂದಿನ ಸಲ ಏನೆಂದು ನಂಬಬೇಕು?

ಬೆಳಗಾವಿಯ ಮಹಾರಾಷ್ಟ್ರ ಏಕೀಕರಣ ಸಮಿತಿಯನ್ನು ನೋಡಿ. ನಕ್ಷೆಯ ಬೇಡಿಕೆಯನ್ನೇ ಹಿಡಿದು, ಬಣಗಳಾಗಿ ಒಡೆದು, 2018 ಮತ್ತು 2023ರಲ್ಲಿ ಒಂದೂ ಸ್ಥಾನ ಗೆಲ್ಲಲಿಲ್ಲ. ಅದರ ಹತ್ತಿರ ಇಲ್ಲದ ಆಸ್ತಿ ಮಗೋ ಬಳಿ ಇದೆ: ಶಾಲೆ ಮತ್ತು ಭೂಮಿಯ ನೆನಪು.

ಮತದಾರರು ಮರಳಬೇಕಾದರೆ ಮಗೋ ಮೊದಲು ಮನೆತನದ ಹೊರಗೆ, ತಾಲೂಕು ತಾಲೂಕಿನಲ್ಲಿ ಎರಡನೇ ಸಾಲಿನ ಮುಂದಾಳುಗಳನ್ನು ಬೆಳೆಸಬೇಕು. ಚುನಾವಣೆಗೆ ಮುಂಚೆ ಹೇಳಿದ ಮೈತ್ರಿಯನ್ನು ಆಮೇಲೂ ಉಳಿಸಿಕೊಳ್ಳಬೇಕು. ಇನ್ನೊಂದು ಮಾತು ಮೇಷ್ಟ್ರಾಗಿ ಹೇಳುತ್ತೇನೆ. ಗೋವಾದ ಹಳ್ಳಿಗಳಲ್ಲಿ ಮಕ್ಕಳಿಲ್ಲದೆ ಸರಕಾರಿ ಪ್ರಾಥಮಿಕ ಶಾಲೆಗಳು ಮುಚ್ಚುತ್ತಿವೆ. ಆ ಚಿಂತೆ ಕನ್ನಡ ಶಾಲೆಗಳಿಗೂ ಹೊಸದಲ್ಲ. ಭಾವೂಸಾಹೇಬರ ಫೋಟೋ ಹಿಡಿದು ಮತ ಕೇಳುವವರು ಆ ಬೀಗ ಹಾಕಿದ ಶಾಲೆಗಳ ಮುಂದೆ ಒಮ್ಮೆ ಸಭೆ ಕರೆಯಲಿ. ಬರುವವರಲ್ಲಿ ಅದೇ ಶಾಲೆಯಲ್ಲಿ ಅಕ್ಷರ ಕಲಿತ ಅಜ್ಜ-ಅಜ್ಜಿಯರೇ ಹೆಚ್ಚು ಇರುತ್ತಾರೆ.