ಷಡ್ಭಾಗದ ಋಣ: ಪ್ರಾಚೀನ ರಾಜನೀತಿಯಲ್ಲಿ ಪ್ರಭುತ್ವದ ಸಮರ್ಥನೆ

ಒಬ್ಬನು ಆಳಲು, ಉಳಿದವರು ಕರ ತೆತ್ತು ಅವನಿಗೆ ವಿಧೇಯರಾಗಿರಲು ಆಧಾರವೇನು? ಈ ಪ್ರಶ್ನೆಗೆ ಪ್ರಾಚೀನ ಭಾರತದ ಗ್ರಂಥಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಮೊದಲನೆಯದು ಸಮ್ಮತಿಮೂಲವಾದುದು. ದೀಘನಿಕಾಯದ ಅಗ್ಗಞ್ಞಸುತ್ತದ ಪ್ರಕಾರ, ಕಳವು, ಸುಳ್ಳುಗಳು ತಲೆದೋರಿದಾಗ ಜನರು ತಮ್ಮಲ್ಲಿಯೇ ಯೋಗ್ಯನಾದ ಒಬ್ಬನನ್ನು ಆರಿಸಿ, ಅವನಿಗೆ ಬತ್ತದ ಪಾಲು ಕೊಡಲು ಒಪ್ಪಿದರು, ಅವನೇ 'ಮಹಾಸಮ್ಮತ'. ಬೌಧಾಯನ ಧರ್ಮಸೂತ್ರವೂ ಷಡ್ಭಾಗವನ್ನು, ಅಂದರೆ ಆರನೆಯ ಒಂದು ಪಾಲನ್ನು, ರಕ್ಷಣೆಗಾಗಿ ರಾಜನಿಗೆ ಸಲ್ಲುವ ವೇತನವೆಂದೇ ಪರಿಗಣಿಸುತ್ತದೆ. ಎರಡನೆಯದು ದೈವಮೂಲವಾದುದು. ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ರಾಜನು ಇಂದ್ರ, ಯಮ ಮೊದಲಾದ ಎಂಟು ದೇವತೆಗಳ ಅಂಶಗಳಿಂದ ನಿರ್ಮಿತನಾದವನು. ಬಾಲಕನಾದರೂ ಅವನು ಅವಮಾನಕ್ಕೆ ಅರ್ಹನಲ್ಲ.

ಈ ಎರಡೂ ವಾದಗಳು ಒಂದೆಡೆ ಸೇರುವುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಈ ಗ್ರಂಥವನ್ನು ಪ್ರಕಟಿಸಿದರು. ಅದರ ಮೊದಲನೆಯ ಅಧಿಕರಣದ ಹದಿಮೂರನೆಯ ಅಧ್ಯಾಯದಲ್ಲಿ ಗೂಢಚಾರರು ತೀರ್ಥಕ್ಷೇತ್ರಗಳಲ್ಲಿ, ಸಭೆಗಳಲ್ಲಿ, ಜನಸಂದಣಿಯಲ್ಲಿ ಕೃತಕವಾದ ವಾಗ್ವಾದ ಹೂಡಬೇಕೆಂಬ ವಿಧಿಯಿದೆ. ರಾಜನು ದಂಡ, ಕರಗಳಿಂದ ಪ್ರಜೆಗಳನ್ನು ಪೀಡಿಸುತ್ತಾನೆಂದು ಒಬ್ಬನು ದೂರಬೇಕು. ಮತ್ತೊಬ್ಬನು ಅದನ್ನು ಖಂಡಿಸಬೇಕು: ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮಾತ್ಸ್ಯನ್ಯಾಯದಿಂದ ನೊಂದ ಜನರು ವೈವಸ್ವತ ಮನುವನ್ನು ರಾಜನನ್ನಾಗಿ ಮಾಡಿಕೊಂಡು, ಧಾನ್ಯದಲ್ಲಿ ಆರನೆಯ ಒಂದು, ಪಣ್ಯದಲ್ಲಿ ಹತ್ತನೆಯ ಒಂದು ಪಾಲನ್ನೂ ಹೊನ್ನನ್ನೂ ಅವನಿಗೆ ಗೊತ್ತುಪಡಿಸಿದರು, ಇದಲ್ಲದೆ ರಾಜನು ಇಂದ್ರ-ಯಮರ ಸ್ಥಾನದಲ್ಲಿರುವವನು, ಅವನನ್ನು ಅವಮಾನಿಸಿದವರಿಗೆ ದೈವದಂಡನೆಯೂ ತಪ್ಪದು.

ಕೆ.ಪಿ. ಜಯಸ್ವಾಲರು 1924ರಲ್ಲಿ ಪ್ರಕಟವಾದ 'ಹಿಂದೂ ಪಾಲಿಟಿ'ಯಲ್ಲಿ, ಕರವು ರಾಜನ ವೇತನವೆಂಬ ನಿಲುವಿಗೆ ವಿಶೇಷ ಪ್ರಾಶಸ್ತ್ಯ ನೀಡಿದರು. ಆದರೆ ಅರ್ಥಶಾಸ್ತ್ರದ ಈ ಮಾತುಗಳು ಪ್ರಜೆಗಳ ಹಕ್ಕಿನ ಘೋಷಣೆಯಲ್ಲ. ಅಸಮಾಧಾನವನ್ನು ಅಡಗಿಸಲು ರಾಜನೇ ನೇಮಿಸಿದವರ ಬಾಯಲ್ಲಿ ಇರಿಸಿದ ಮಾತುಗಳು. ಹಾಗೆಂದು ಅವನ್ನು ಬರಿಯ ಕಪಟವೆಂದು ತಳ್ಳಿಹಾಕುವಂತಿಲ್ಲ. ಕರವು ರಕ್ಷಣೆಗೆ ಪ್ರತಿಫಲವೆಂಬ ಭಾವನೆ ಕೇಳುಗರಲ್ಲಿ ಮೊದಲೇ ಬೇರೂರಿರದಿದ್ದರೆ ಈ ವಾದವು ಅವರನ್ನು ಒಲಿಸಲಾರದು. ವೇತನದ ವಾದವನ್ನು ಬಳಸಿದೊಡನೆ ರಾಜನು ತನ್ನ ಕರ್ತವ್ಯಕ್ಕೂ ಕಟ್ಟುಬೀಳುತ್ತಾನೆ.

ಮಹಾಭಾರತವು ಈ ತರ್ಕವನ್ನು ಕೊನೆಯವರೆಗೆ ಒಯ್ಯುತ್ತದೆ. ರಕ್ಷಿಸದ ರಾಜನನ್ನು ಒಡೆದ ದೋಣಿಯಂತೆ ತ್ಯಜಿಸಬೇಕೆಂದು ಶಾಂತಿಪರ್ವ ಹೇಳಿದರೆ, ರಕ್ಷಿಸುವೆನೆಂದು ಮಾತುಕೊಟ್ಟು ತಪ್ಪಿದವನನ್ನು ಪ್ರಜೆಗಳೇ ಕೂಡಿ ಕೊಲ್ಲಬಹುದೆಂಬಲ್ಲಿಗೆ ಅನುಶಾಸನಪರ್ವ ಹೋಗುತ್ತದೆ. ಆದರೆ ರಾಜನು ತಪ್ಪಿದನೆಂದು ನಿರ್ಣಯಿಸುವ ಸಭೆಯನ್ನಾಗಲಿ, ಅದರ ವಿಧಾನವನ್ನಾಗಲಿ ಈ ವಚನಗಳು ಸೂಚಿಸುವುದಿಲ್ಲ. ತ್ಯಾಗ ಮತ್ತು ವಧೆಗಳ ನಡುವೆ ವಿಚಾರಣೆಗೆ ಎಡೆಯಿಲ್ಲದಿರುವುದೇ ಈ ಚಿಂತನೆಯ ಮಿತಿ. ಆಳುವವನೂ ಋಣಿಯೆಂದು ಒಪ್ಪಿರುವುದು ಅದರ ಹಿರಿಮೆ.