ಜಾಲರಿ ಮಳೆ ಕಡತಗಳಿಂದ ನಿಮ್ಮ ಊರಿನ ಅಂಕಿಗಳನ್ನು ಹೊರತೆಗೆಯುವ ಕ್ರಮ

ಭಾರತ ಹವಾಮಾನ ಇಲಾಖೆಯು 1901ರಿಂದ ಈಚಿನ ದೈನಂದಿನ ಮಳೆಯ ಪ್ರಮಾಣವನ್ನು 0.25 ಡಿಗ್ರಿ ಅಂತರದ ಜಾಲರಿಯ ರೂಪದಲ್ಲಿ, ವರ್ಷಕ್ಕೊಂದು ಕಡತದಂತೆ, ತನ್ನ ಪುಣೆ ಕಚೇರಿಯ ಜಾಲತಾಣದ ಮೂಲಕ ಉಚಿತವಾಗಿ ಒದಗಿಸುತ್ತದೆ. ಬಿತ್ತನೆಯ ಸೂಕ್ತ ಕಾಲವನ್ನು ಗೊತ್ತುಪಡಿಸಲು, ಮುಂಗಾರಿನ ನಡುವೆ ಬರುವ ಒಣ ಅವಧಿಗಳನ್ನು ಎಣಿಸಲು ಇದಕ್ಕಿಂತ ದೀರ್ಘವಾದ ದಾಖಲೆ ಸುಲಭವಾಗಿ ದೊರೆಯುವುದಿಲ್ಲ. ಆದರೆ ಈ ಕಡತಗಳು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದುಕೊಳ್ಳುವುದಿಲ್ಲ. ಅವು ನೆಟ್‌ಸಿಡಿಎಫ್ ಎಂಬ ವೈಜ್ಞಾನಿಕ ವಿನ್ಯಾಸದಲ್ಲಿ ಅಥವಾ ಬರಿಯ ದ್ವಿಮಾನ ಅಂಕಿಗಳ ರೂಪದಲ್ಲಿ ಇರುತ್ತವೆ. ಕೃಷಿ ವಿಜ್ಞಾನ ಕೇಂದ್ರಗಳ ಸಿಬ್ಬಂದಿ, ವಿಸ್ತರಣಾ ಅಧಿಕಾರಿಗಳು ಹಾಗೂ ಸ್ನಾತಕೋತ್ತರ ವಿದ್ಯಾರ್ಥಿಗಳು ಅವುಗಳಿಂದ ದಿನಾಂಕ ಮತ್ತು ಮಳೆ ಎಂಬ ಎರಡು ಕಂಬಸಾಲುಗಳ ಸರಳ ಪಟ್ಟಿಯನ್ನು ಪಡೆಯುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಆದೇಶಗಳ ಹೆಸರುಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಕೊಡಬೇಕು.

ಬೇಕಾಗುವ ಸಾಧನಗಳು

ಮೂರು ಉಚಿತ ಸಾಧನಗಳು ಸಾಕು. ಎನ್‌ಸಿಡಂಪ್ ಎಂಬುದು ನೆಟ್‌ಸಿಡಿಎಫ್ ವಿನ್ಯಾಸವನ್ನು ರೂಪಿಸಿದ ಅಮೆರಿಕದ ಯೂನಿಡೇಟಾ ಸಂಸ್ಥೆಯದು. ಸಿಡಿಒ ಜರ್ಮನಿಯ ಹ್ಯಾಂಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಹವಾಮಾನ ವಿಜ್ಞಾನ ಸಂಸ್ಥೆಯಲ್ಲಿ ಸಿದ್ಧವಾದುದು. ಎನ್‌ಸಿಕೆಎಸ್ ಎಂಬುದು ಎನ್‌ಸಿಒ ಸಾಧನ ಸಮೂಹದ ಒಂದು ಭಾಗ. ಉಬುಂಟುವಿನಲ್ಲಿ ಮೂರನ್ನೂ ಎಪಿಟಿ ಮೂಲಕ ಅಳವಡಿಸಿಕೊಳ್ಳಬಹುದು. ವಿಂಡೋಸ್ ಬಳಸುವವರು ಡಬ್ಲ್ಯುಎಸ್‌ಎಲ್ ಮೂಲಕ ಉಬುಂಟುವನ್ನು ಹಾಕಿಕೊಂಡರೆ ಆಯಿತು.

ಮೊದಲು ತಲೆಬರಹವನ್ನು ಓದಿ

ಎನ್‌ಸಿಡಂಪ್ ಆದೇಶಕ್ಕೆ ‘ಮೈನಸ್ ಎಚ್’ ಆಯ್ಕೆಯನ್ನು ಸೇರಿಸಿ ಕಡತದ ಹೆಸರನ್ನು ಕೊಟ್ಟರೆ ಅಂಕಿಗಳನ್ನು ಬಿಟ್ಟು ತಲೆಬರಹ ಮಾತ್ರ ಮೂಡುತ್ತದೆ. ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗಬಾರದು. ಮಳೆಯ ಕಡತದಲ್ಲಿ 135 ರೇಖಾಂಶಗಳು (66.5ರಿಂದ 100 ಡಿಗ್ರಿ ಪೂರ್ವ), 129 ಅಕ್ಷಾಂಶಗಳು (6.5ರಿಂದ 38.5 ಡಿಗ್ರಿ ಉತ್ತರ) ಮತ್ತು ವರ್ಷದ ದಿನಗಳಷ್ಟು ಕಾಲಬಿಂದುಗಳು ಕಾಣಬೇಕು. ಚರಾಂಶದ ಹೆಸರು ದೊಡ್ಡಕ್ಷರದಲ್ಲಿದೆಯೋ ಸಣ್ಣಕ್ಷರದಲ್ಲಿದೆಯೋ, ಅಳತೆಯ ಮಾನ ಯಾವುದು, ಅಂಕಿ ಇಲ್ಲದ ಕಡೆ ಯಾವ ಗುರುತಿನ ಸಂಖ್ಯೆ ಇದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಈ ದತ್ತಾಂಶದಲ್ಲಿ ಆ ಗುರುತು ಮೈನಸ್ 999.

ಆ ಸಂಖ್ಯೆಯನ್ನು ಮಳೆಯೆಂದು ಎಣಿಸಿದರೆ ಏನಾಗುವುದೆಂದು ಯೋಚಿಸಿ. ಒಣಭೂಮಿಯ ತಾಲ್ಲೂಕಿನಲ್ಲಿ ತಿಂಗಳ ಮೊತ್ತ ಋಣಸಂಖ್ಯೆಯಾಗಿ ತಪ್ಪು ತಾನಾಗಿಯೇ ಬಯಲಾಗುತ್ತದೆ. ಮಲೆನಾಡಿನಲ್ಲಿ ಹಾಗಲ್ಲ. ಮುಂಗಾರಿನ ಮೊತ್ತ 3,000 ಮಿ.ಮೀ. ಇರುವ ಕಡೆ ಇಂಥ ಒಂದು ದಿನ ನುಸುಳಿದರೆ ಉಳಿಯುವುದು 2,001 ಮಿ.ಮೀ. ಅದನ್ನು ನೋಡಿದವರು ಮಳೆ ಕಡಿಮೆಯಾದ ವರ್ಷವೆಂದು ಭಾವಿಸಿ ಮುಂದೆ ಸಾಗುತ್ತಾರೆ. ತಲೆಬರಹದಲ್ಲಿ ಈ ಗುರುತನ್ನು ಘೋಷಿಸಿರದಿದ್ದರೆ ಸಿಡಿಒದ ‘ಸೆಟ್‌ಸಿಟಿಒಮಿಸ್’ ಕ್ರಿಯೆಗೆ ಮೈನಸ್ 999ನ್ನು ಕೊಟ್ಟು ಅದು ಅಲಭ್ಯ ಅಂಕಿಯೆಂದು ತಿಳಿಸಬೇಕು. ಆ ಬಳಿಕವೂ ಒಂದು ಎಚ್ಚರ ಬೇಕು. ಮೊತ್ತ ಮಾಡುವಾಗ ಸಿಡಿಒ ಅಲಭ್ಯ ದಿನಗಳನ್ನು ಬಿಟ್ಟು ಕೂಡುತ್ತದೆ. ಅಂದರೆ ಅವು ಮಳೆಯಿಲ್ಲದ ದಿನಗಳಂತೆಯೇ ಆಗುತ್ತವೆ. ಸೊನ್ನೆ ಎಂದರೆ ಮಳೆ ಬಂದಿಲ್ಲ, ಅಲಭ್ಯ ಎಂದರೆ ನಮಗೆ ತಿಳಿದಿಲ್ಲ. ಒಣ ಅವಧಿಯನ್ನು ಎಣಿಸುವವರು ಇವೆರಡನ್ನು ಬೆರೆಸಬಾರದು.

ಒಂದು ಬಿಂದುವಿನ ಅಂಕಿಗಳು

ರಾಯಚೂರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಗರ ಇರುವುದು ಸುಮಾರು 16.2 ಡಿಗ್ರಿ ಉತ್ತರ, 77.36 ಡಿಗ್ರಿ ಪೂರ್ವದಲ್ಲಿ. ಅದಕ್ಕೆ ಹತ್ತಿರದ ಜಾಲರಿ ಬಿಂದು 16.25 ಮತ್ತು 77.25. ಸಿಡಿಒಗೆ ‘ಔಟ್‌ಪುಟ್‌ಟ್ಯಾಬ್’ ಕ್ರಿಯೆಯನ್ನು ಕೊಟ್ಟು, ಅಲ್ಪವಿರಾಮಗಳ ನಡುವೆ ‘ಡೇಟ್’ ಮತ್ತು ‘ವ್ಯಾಲ್ಯೂ’ ಎಂದು ಬರೆದು, ಅದರ ಮುಂದೆ ‘ಮೈನಸ್ ರೀಮ್ಯಾಪ್‌ಎನ್‌ಎನ್, ಲಾನ್=77.25_ಲ್ಯಾಟ್=16.25’ ಎಂದು ಸೇರಿಸಿ, ಕೊನೆಗೆ ಕಡತದ ಹೆಸರನ್ನು ಕೊಡಿ. (ಟೈಪ್ ಮಾಡುವಾಗ ಅಲ್ಪವಿರಾಮದ ನಂತರ ಜಾಗ ಬಿಡಬಾರದು.) ಆದೇಶದ ತುದಿಯಲ್ಲಿ ‘>’ ಚಿಹ್ನೆಯನ್ನು ಹಾಕಿ ಹೊಸ ಹೆಸರು ಬರೆದರೆ ಪಟ್ಟಿಯು ಆ ಪಠ್ಯ ಕಡತದಲ್ಲಿ ಉಳಿಯುತ್ತದೆ. ಅದನ್ನು ಎಕ್ಸೆಲ್‌ನಲ್ಲಿ ತೆರೆಯಬಹುದು.

‘ರೀಮ್ಯಾಪ್‌ಎನ್‌ಎನ್’ ಸಮೀಪದ ಬಿಂದುವಿನ ಅಂಕಿಯನ್ನು ಹಾಗೆಯೇ ಎತ್ತಿಕೊಡುತ್ತದೆ. ಅದರ ಬದಲು ‘ರೀಮ್ಯಾಪ್‌ಬಿಲ್’ ಬಳಸಿದರೆ ಸುತ್ತಲಿನ ನಾಲ್ಕು ಬಿಂದುಗಳ ಅಂಕಿಗಳು ಬೆರೆಯುತ್ತವೆ. ಉಷ್ಣಾಂಶಕ್ಕೆ ಅದು ಒಪ್ಪುತ್ತದೆ. ಮಳೆಗೆ ನಾನು ಶಿಫಾರಸು ಮಾಡುವುದಿಲ್ಲ. ಜೋರು ಮಳೆ ತಗ್ಗಿ, ಹನಿ ಮಳೆಯ ದಿನಗಳು ಹೆಚ್ಚುತ್ತವೆ, 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಮಳೆಯ ದಿನ ಎಂಬ ನಮ್ಮ ಲೆಕ್ಕ ಅಲ್ಲಿಗೆ ಕೆಡುತ್ತದೆ.

ದಶಮಾಂಶ ಬಿಂದುವಿನ ತೊಡಕು

ದೊಡ್ಡ ಕಡತದಿಂದ ಸಣ್ಣ ಭಾಗವನ್ನು ಕತ್ತರಿಸಲು ಎನ್‌ಸಿಕೆಎಸ್ ಬಹಳ ಅನುಕೂಲ. ‘ಮೈನಸ್ ಡಿ’ ಆಯ್ಕೆಯ ನಂತರ ಅಕ್ಷದ ಹೆಸರು, ಅಲ್ಪವಿರಾಮ, ಬೆಲೆ ಕೊಡಬೇಕು. ಇಲ್ಲಿ ಒಂದು ನಿಯಮವಿದೆ: ಸಂಖ್ಯೆಯಲ್ಲಿ ದಶಮಾಂಶ ಬಿಂದು ಇದ್ದರೆ ಸಾಧನವು ಅದನ್ನು ಡಿಗ್ರಿ ಎಂದು ತಿಳಿಯುತ್ತದೆ, ಇಲ್ಲದಿದ್ದರೆ ಸೊನ್ನೆಯಿಂದ ಎಣಿಸಿದ ಕ್ರಮಸಂಖ್ಯೆ ಎಂದು ತಿಳಿಯುತ್ತದೆ.

ವಿದ್ಯಾರ್ಥಿಯೊಬ್ಬರು ರಾಯಚೂರಿನದೆಂದು ತಂದಿದ್ದ ಕೋಷ್ಟಕದಲ್ಲಿ ಅಕ್ಟೋಬರ್, ನವೆಂಬರ್ ತಿಂಗಳುಗಳ ಮಳೆ ಜುಲೈ, ಆಗಸ್ಟ್‌ಗಿಂತ ಹೆಚ್ಚಿತ್ತು. ಹವಾಮಾನ ಬದಲಾವಣೆಯೇ ಕಾರಣವೆಂಬ ಒಂದು ಪ್ಯಾರಾ ಕೂಡ ಸಿದ್ಧವಾಗಿತ್ತು. ಆದೇಶವನ್ನು ತರಿಸಿ ನೋಡಿದೆ. ರೇಖಾಂಶ 77.25 ಎಂದು ಸರಿಯಾಗಿಯೇ ಇತ್ತು. ಅಕ್ಷಾಂಶವನ್ನು ಮಾತ್ರ ಬರಿಯ 16 ಎಂದು ಕೊಟ್ಟಿದ್ದರು. 6.5ರಿಂದ ಆರಂಭಿಸಿ 0.25ರಂತೆ ಹದಿನಾರು ಹೆಜ್ಜೆ ಮುಂದೆ ಹೋದರೆ ಸಿಗುವುದು 10.5 ಡಿಗ್ರಿ. 10.5 ಉತ್ತರ, 77.25 ಪೂರ್ವ ಎಂದರೆ ತಮಿಳುನಾಡಿನ ಉಡುಮಲೈಪೇಟೆಯ ಆಸುಪಾಸು. ಅಲ್ಲಿ ಹಿಂಗಾರೇ ಮುಖ್ಯ. ಸಾಧನವು ಯಾವ ದೋಷವನ್ನೂ ವರದಿ ಮಾಡಿರಲಿಲ್ಲ, ಮಾಡುವುದೂ ಇಲ್ಲ. ಅಕ್ಷಾಂಶ 16 ಡಿಗ್ರಿಯೇ ಬೇಕಿದ್ದರೆ 16.0 ಎಂದು ಬರೆಯಿರಿ. ಕತ್ತರಿಸಿದ ಕಡತವನ್ನು ‘ಮೈನಸ್ ಸಿ’ ಆಯ್ಕೆಯೊಡನೆ ಎನ್‌ಸಿಡಂಪ್‌ಗೆ ಕೊಟ್ಟರೆ ಅದರಲ್ಲಿ ಉಳಿದಿರುವ ಅಕ್ಷಾಂಶ ರೇಖಾಂಶಗಳು ಕಾಣುತ್ತವೆ. ಅವನ್ನು ನಕ್ಷೆಯೊಡನೆ ಹೋಲಿಸಿ.

ಸಿಡಿಒದಲ್ಲಿ ಈ ತೊಡಕಿಲ್ಲ. ಆದರೆ ಅದು ಪಟ್ಟಿಯಲ್ಲಿ ತೋರಿಸುವುದು ನೀವು ಕೇಳಿದ ಸ್ಥಾನವನ್ನು. ಅಂಕಿ ಬಂದ ಜಾಲರಿ ಬಿಂದುವನ್ನಲ್ಲ. ಆದ್ದರಿಂದ ಸಮೀಪದ ಬಿಂದುವನ್ನು ನೀವೇ ಲೆಕ್ಕ ಹಾಕಿ ಕೊಡುವುದು ಮೇಲು.

ದ್ವಿಮಾನ ಕಡತವಾಗಿದ್ದರೆ

ಜಿಆರ್‌ಡಿ ವಿಸ್ತರಣೆಯ ಕಡತಕ್ಕೆ ತಲೆಬರಹವೇ ಇಲ್ಲ. ನಾಲ್ಕು ಬೈಟ್‌ಗಳ ಅಂಕಿಗಳು ದಕ್ಷಿಣದಿಂದ ಉತ್ತರಕ್ಕೆ, ಪ್ರತಿ ಸಾಲಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋಡಣೆಗೊಂಡಿರುತ್ತವೆ. ಮೊದಲು ಗಾತ್ರವನ್ನು ನೋಡಿ: 365 ದಿನಗಳ ಕಡತ 25,425,900 ಬೈಟ್, ಅಧಿಕ ವರ್ಷದ್ದು 25,495,560 ಬೈಟ್. ಕಡಿಮೆಯಿದ್ದರೆ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ ಎಂದರ್ಥ.

ರಾಯಚೂರಿನ ಬಿಂದು ಸೊನ್ನೆಯಿಂದ ಎಣಿಸಿದಾಗ 39ನೇ ಸಾಲಿನ 43ನೇ ಸ್ಥಾನ. ಅದಕ್ಕೆ ಮುಂಚೆ ಅದೇ ದಿನದ 5,308 ಅಂಕಿಗಳಿರುತ್ತವೆ. ದಿನವೊಂದಕ್ಕೆ 17,415 ಅಂಕಿಗಳು. ಸಾಮಾನ್ಯ ವರ್ಷದ ಜೂನ್ 10 ವರ್ಷದ 161ನೇ ದಿನ. 160ನ್ನು 17,415ರಿಂದ ಗುಣಿಸಿ, 5,308 ಕೂಡಿಸಿ, ನಾಲ್ಕರಿಂದ ಗುಣಿಸಿದರೆ 11,166,832. ಯಾವುದೇ ಲಿನಕ್ಸ್‌ನಲ್ಲಿರುವ ‘ಒಡಿ’ ಆದೇಶಕ್ಕೆ ‘ಮೈನಸ್ ಟಿ ಎಫ್4’, ‘ಮೈನಸ್ ಜೆ’ ಜೊತೆಗೆ ಈ ಸಂಖ್ಯೆ (ಅಲ್ಪವಿರಾಮಗಳಿಲ್ಲದೆ), ದೊಡ್ಡಕ್ಷರದ ‘ಮೈನಸ್ ಎನ್’ ಜೊತೆಗೆ 4 ಕೊಟ್ಟರೆ ಆ ದಿನದ ಮಳೆ ಮಿ.ಮೀ.ಗಳಲ್ಲಿ ಬರುತ್ತದೆ. ಅಧಿಕ ವರ್ಷವಾದರೆ ಫೆಬ್ರವರಿ ನಂತರದ ದಿನಗಳಿಗೆ 69,660 ಸೇರಿಸಿ. ಇಡೀ ವರ್ಷಕ್ಕೆ ಹೀಗೆ ಮಾಡುವುದು ಬೇಸರದ ಕೆಲಸ. ಅನುಮಾನ ಬಂದ ಒಂದೆರಡು ದಿನಗಳನ್ನು ತಾಳೆ ನೋಡಲು ಮಾತ್ರ ನಾನು ಬಳಸುತ್ತೇನೆ.

ದಿನಾಂಕ ಮತ್ತು ಮಾನ

ಇಲಾಖೆಯ ದಾಖಲೆಯಲ್ಲಿ ಒಂದು ದಿನಾಂಕದ ಮಳೆ ಎಂದರೆ ಹಿಂದಿನ ದಿನ ಬೆಳಿಗ್ಗೆ 8.30ರಿಂದ ಆ ದಿನ ಬೆಳಿಗ್ಗೆ 8.30ರವರೆಗೆ ಬಿದ್ದದ್ದು. 10ರ ಸಂಜೆಯ ಮಳೆ 11ರಲ್ಲಿ ಕಾಣುತ್ತದೆ. ಯುರೋಪಿನ ಇಆರ್‌ಎ5-ಲ್ಯಾಂಡ್ ದತ್ತಾಂಶದಲ್ಲಿ ದಿನವು ಭಾರತೀಯ ಕಾಲಮಾನದಂತೆ ಬೆಳಿಗ್ಗೆ 5.30ಕ್ಕೆ ಆರಂಭ, ಮಳೆ ಮೀಟರಿನಲ್ಲಿ, ಉಷ್ಣಾಂಶ ಕೆಲ್ವಿನ್‌ನಲ್ಲಿ. ಎರಡನ್ನೂ ಒಂದೇ ಕೋಷ್ಟಕದಲ್ಲಿ ಇಡುವ ಮುನ್ನ ಇದನ್ನು ಸರಿಪಡಿಸಿಕೊಳ್ಳಿ. ಕೆಲವು ಕಡತಗಳಲ್ಲಿ ಅಂಕಿಗಳನ್ನು ಪೂರ್ಣಾಂಕಗಳಾಗಿ ಅಡಕಗೊಳಿಸಿ, ತಲೆಬರಹದಲ್ಲಿ ಗುಣಕ ಹಾಗೂ ಕೂಡಿಕೆಯನ್ನು ಕೊಟ್ಟಿರುತ್ತಾರೆ. ಸಿಡಿಒ ಅವನ್ನು ತಾನೇ ಬಿಡಿಸುತ್ತದೆ. ಎನ್‌ಸಿಡಂಪ್ ಅಡಕವಾದ ಸಂಖ್ಯೆಯನ್ನೇ ಮುದ್ರಿಸುತ್ತದೆ.

ಅಂಕಿಗಳ ಮಿತಿ

ನಮ್ಮ ಭಾಗದಲ್ಲಿ ಜಾಲರಿಯ ಒಂದು ಚೌಕ ಸುಮಾರು 27 ಕಿ.ಮೀ. ಅಗಲ, ವಿಸ್ತೀರ್ಣ 700 ಚದರ ಕಿ.ಮೀ.ಗೂ ಹೆಚ್ಚು. ಸುತ್ತಲಿನ ಮಳೆಮಾಪನ ಕೇಂದ್ರಗಳ ಅಂಕಿಗಳಿಂದ ಅದನ್ನು ಅಂದಾಜಿಸಲಾಗಿದೆ. ಧಾರವಾಡದ ಪಶ್ಚಿಮಕ್ಕೆ ಕೆಲವೇ ಮೈಲಿ ಹೋದರೆ ಮಳೆ ಎಷ್ಟು ಬದಲಾಗುತ್ತದೆ ಎಂಬುದನ್ನು ಬಲ್ಲವರು ಇದರ ಅರ್ಥವನ್ನು ಊಹಿಸಬಲ್ಲರು. ಹತ್ತಿರದ ಮಳೆಮಾಪಕದ ಮಾಸಿಕ ಮೊತ್ತಗಳು ಒಂದೆರಡು ವರ್ಷಗಳದಾದರೂ ಸಿಕ್ಕರೆ, ಸಿಡಿಒದ ‘ಮನ್‌ಸಮ್’ ಕ್ರಿಯೆಯಿಂದ ಮಾಸಿಕ ಮೊತ್ತ ಮಾಡಿ ಹೋಲಿಸಿ. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರಕ್ಕೆ ಅಧಿಸೂಚಿತ ಕೇಂದ್ರದ ಅಂಕಿಯೇ ಆಧಾರ. ರೈತರು ವಿಮೆಯ ತಕರಾರಿಗಾಗಿ ನಿಮ್ಮಲ್ಲಿಗೆ ಬಂದರೆ ಜಾಲರಿಯ ಪಟ್ಟಿಯನ್ನು ಕೊಟ್ಟು ಕಳುಹಿಸಬೇಡಿ. ಆ ಕೇಂದ್ರದ ದೈನಂದಿನ ದಾಖಲೆಯ ಪ್ರತಿಗೆ ಲಿಖಿತ ಅರ್ಜಿ ಹಾಕಲು ನೆರವಾಗಿ.