ನರನೋವಿಗೆ ನ್ಯಾನೋಕಣಗಳು: ಪ್ರಯೋಗಾಲಯದಲ್ಲಿ ಎಷ್ಟು, ಔಷಧದಂಗಡಿಯಲ್ಲಿ ಎಷ್ಟು?

ಮಧುಮೇಹವು ಹಲವು ವರ್ಷ ಹತೋಟಿಯಲ್ಲಿರದಿದ್ದರೆ ಅಂಗಾಲಿನಲ್ಲಿ ಉರಿ, ಸೂಜಿ ಚುಚ್ಚಿದಂತಹ ನೋವು, ಜೋಮು ಕಾಣಿಸಿಕೊಳ್ಳಬಹುದು. ಪತ್ತಿಕೊಂಡ, ಆದೋನಿ ಭಾಗದಲ್ಲಿ ತೆಲುಗಿನ ‘ನರಾಲ ನೊಪ್ಪಿ’, ವೈದ್ಯರ ಚೀಟಿಯ ‘ನ್ಯೂರೋಪತಿ’, ನಮ್ಮ ‘ನರನೋವು’ ಎಲ್ಲವೂ ಇದನ್ನೇ ಸೂಚಿಸುತ್ತವೆ. ಗಾಯದ ನೋವು ಗಾಯ ಮಾಯ್ದಂತೆ ಇಳಿಯುತ್ತದೆ. ಇಲ್ಲಿ ಸಂದೇಶವನ್ನು ಒಯ್ಯುವ ನರವೇ ಕೆಟ್ಟಿರುವುದರಿಂದ ಸಾಮಾನ್ಯ ನೋವಿನ ಗುಳಿಗೆಗಳು ಹೆಚ್ಚು ಫಲ ಕೊಡುವುದಿಲ್ಲ. ಪ್ರೆಗಾಬಲಿನ್, ಗಾಬಾಪೆಂಟಿನ್, ಡುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್ ಇಂದು ಬಳಕೆಯಲ್ಲಿರುವ ಮುಖ್ಯ ಔಷಧಗಳು. ಇವು ಮೈಯೆಲ್ಲ ಹರಡುವುದರಿಂದ ಹಲವರಿಗೆ ಮಂಪರು, ತಲೆಸುತ್ತು ಉಂಟಾಗುತ್ತದೆ.

ಔಷಧವನ್ನು ಬೇಕಾದ ಸ್ಥಳಕ್ಕಷ್ಟೇ ತಲುಪಿಸುವುದು ನ್ಯಾನೋಕಣಗಳ ಉದ್ದೇಶ. ನ್ಯಾನೋಮೀಟರ್ ಎಂದರೆ ಮೀಟರಿನ 100 ಕೋಟಿಯಲ್ಲಿ ಒಂದು ಭಾಗ. ಈ ವಿಧಾನ ತೀರ ಹೊಸತೇನಲ್ಲ. ಕೊಬ್ಬಿನ ಸೂಕ್ಷ್ಮ ಕೋಶದಲ್ಲಿ ತುಂಬಿದ ಡಾಕ್ಸೋರುಬಿಸಿನ್ ಎಂಬ ಕ್ಯಾನ್ಸರ್ ಔಷಧಕ್ಕೆ ಅಮೆರಿಕದಲ್ಲಿ 1995ರಲ್ಲಿಯೇ ಅನುಮತಿ ದೊರೆತಿತ್ತು.

ನೋವಿನ ವಿಷಯದಲ್ಲಿ ಗಮನಾರ್ಹವಾದ ಪ್ರಯೋಗವು 2019ರಲ್ಲಿ ‘ನೇಚರ್ ನ್ಯಾನೋಟೆಕ್ನಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರೂ ಅಮೆರಿಕದ ನೈಜೆಲ್ ಬನೆಟ್ ಅವರೂ ಅದರಲ್ಲಿ ಪಾಲುಗೊಂಡಿದ್ದರು. ನೋವಿನ ಸಂದೇಶವನ್ನು ಸ್ವೀಕರಿಸುವ ‘ಎನ್‌ಕೆ1’ ಎಂಬ ಗ್ರಾಹಕವು ನರಕೋಶದ ಹೊರಮೈ ಮೇಲಿರುತ್ತದೆ. ಆದರೆ ಸಂದೇಶ ಬಂದೊಡನೆ ಅದು ಕೋಶದ ಒಳಗಿನ ಎಂಡೋಸೋಮ್ ಎಂಬ ಚೀಲಕ್ಕೆ ಸರಿದು, ಅಲ್ಲಿಂದಲೂ ನೋವಿನ ಸಂಕೇತವನ್ನು ಕಳುಹಿಸುತ್ತಲೇ ಇರುತ್ತದೆ. ಹೊರಬಾಗಿಲಿಗೆ ಬೀಗ ಹಾಕಿದರೂ ಕಳ್ಳನು ಒಳಗೇ ಇದ್ದಂತೆ! ಈ ಗ್ರಾಹಕವನ್ನು ತಡೆಯುವ ಔಷಧಗಳು ಮನುಷ್ಯರ ನೋವಿನ ಪರೀಕ್ಷೆಗಳಲ್ಲಿ ವಿಫಲವಾದುದಕ್ಕೆ ಇದೇ ಕಾರಣವಿರಬಹುದೆಂದು ಸಂಶೋಧಕರು ಭಾವಿಸಿದರು.

ಅಂತಹ ಔಷಧಗಳಲ್ಲೊಂದು ಅಪ್ರೆಪಿಟಂಟ್. ಕ್ಯಾನ್ಸರ್ ಚಿಕಿತ್ಸೆಯ ವಾಂತಿಯನ್ನು ತಡೆಯಲು ಅದು ಇಂದಿಗೂ ಬಳಕೆಯಲ್ಲಿದೆ. ಅದನ್ನು ಆಮ್ಲೀಯತೆಗೆ ಕರಗುವ ನ್ಯಾನೋಕಣಗಳಲ್ಲಿ ತುಂಬಲಾಯಿತು. ಎಂಡೋಸೋಮಿನ ಒಳಭಾಗ ಆಮ್ಲೀಯವಾದುದರಿಂದ ಕಣವು ಅಲ್ಲಿಯೇ ಒಡೆದು ಔಷಧವನ್ನು ಬಿಡುತ್ತದೆ. ಇಲಿ ಜಾತಿಯ ಪ್ರಾಣಿಗಳ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಚುಚ್ಚಿದಾಗ, ನರನೋವೂ ಸೇರಿದಂತೆ ಹಲವು ಬಗೆಯ ನೋವು ಬರಿಯ ಔಷಧದಿಂದ ಇಳಿದುದಕ್ಕಿಂತ ಹೆಚ್ಚಾಗಿ, ಹೆಚ್ಚು ಕಾಲ ಇಳಿಯಿತು.

ಇದು ಬೆನ್ನಿಗೆ ಚುಚ್ಚಿ, ಪ್ರಾಣಿಗಳಲ್ಲಿ ಕಂಡ ಫಲ. ‘ನ್ಯಾನೋ’ ಎಂದು ಚೀಟಿ ಅಂಟಿಸಿದ ಎಣ್ಣೆ, ಗುಳಿಗೆಗಳಿಗೂ ಈ ಸಂಶೋಧನೆಗೂ ಸಂಬಂಧವಿಲ್ಲ. ಅವುಗಳನ್ನು ನಂಬಿ ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸುವುದು ಅಪಾಯ. ಸ್ಪರ್ಶ ಕಳೆದುಕೊಂಡ ಕಾಲಿಗೆ ಮುಳ್ಳು ಚುಚ್ಚಿದುದೂ ತಿಳಿಯದು. ಹಿರಿಯರಿಗೆ ಬಾಗಿ ಅಂಗಾಲು ನೋಡಿಕೊಳ್ಳಲಾಗದಿದ್ದರೆ, ದಿನಕ್ಕೊಮ್ಮೆ ಮೊಮ್ಮಕ್ಕಳು ನೋಡಬಹುದು.